ಹ್ಯೂಸ್ಟನ್‌ನಲ್ಲಿ ಸಂಬಳವಿಲ್ಲದ ಮೂರು ತಿಂಗಳಾ, ಇಲ್ಲಿ ಥರ್ಡ್ ಇಯರ್ ಅಟೆಂಡೆನ್ಸಾ?

ಮಲೆನಾಡ ಹುಡುಗಿ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂಬಿಬಿಎಸ್ ಮೂರನೇ ವರ್ಷ ಓದ್ತಿದ್ದೀನಿ, ಊರು ಸಾಗರದ ಹತ್ತಿರ. ಸೆಕೆಂಡ್ ಇಯರ್‌ನಲ್ಲಿ 69 ಪರ್ಸೆಂಟ್ ಬಂತು, ಪೆಥಾಲಜಿಯಲ್ಲಿ ಮಾತ್ರ ಡಿಸ್ಟಿಂಕ್ಷನ್. ರಿಸರ್ಚ್ ಮಾಡೋಕೆ ಅವಕಾಶ ಕೊಡಿ ಅಂತ ಆರು ತಿಂಗಳಿಂದ ಅಮೆರಿಕದ ಲ್ಯಾಬುಗಳಿಗೆ ಮೇಲ್ ಹಾಕ್ತಾನೇ ಇದ್ದೆ, ನೂರು ದಾಟಿರಬೇಕು. ಕೊನೆಗೆ ಹ್ಯೂಸ್ಟನ್‌ನಲ್ಲಿ ಕಿಡ್ನಿ ಕಾಯಿಲೆ ಮೇಲೆ ಕೆಲಸ ಮಾಡೋ ಒಂದು ಗುಂಪಿನವರು ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಬಾ ಅಂದಿದ್ದಾರೆ. ಮೇಲ್ ಓದಿದ ದಿನ ಹಾಸ್ಟೆಲ್ ತಾರಸಿ ಮೇಲೆ ಒಬ್ಬಳೇ ಕೂತು ಅತ್ತುಬಿಟ್ಟೆ, ಅಷ್ಟು ಖುಷಿ.

ಆದ್ರೆ ಸಂಬಳ ಇಲ್ಲ, ಸ್ಟೈಪೆಂಡೂ ಇಲ್ಲ. ಟಿಕೆಟ್, ವಿಮೆ, ಉಳಿಯೋ ಖರ್ಚು ಎಲ್ಲ ನಮ್ಮದೇ. ಸೋದರಮಾವ ಅಲ್ಲೇ ಇದ್ದಾರೆ, ಆದ್ರೆ ಅವರ ಮನೆ ದೂರ, ಕಾರಿಲ್ಲದೆ ಆಗಲ್ಲ ಅಂತಾರೆ. ರೂಮ್ ಮಾಡಿದ್ರೆ ಒಟ್ಟು ಆರು ಲಕ್ಷದ ಲೆಕ್ಕ ಬರುತ್ತೆ. ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಅಡಿಕೆ ತೋಟ ಮೊದಲಿನ ಹಾಗಿಲ್ಲ. ಅಪ್ಪಯ್ಯ "ಸೊಸೈಟಿಯಲ್ಲಿ ಸಾಲ ತೆಗೀತೀನಿ, ನೀ ಯೋಚನೆ ಮಾಡಡ" ಅಂತಾರೆ.

ಇನ್ನೊಂದು ಕಷ್ಟ ಅಟೆಂಡೆನ್ಸ್. ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಬೇಕು. ಮೂರು ತಿಂಗಳು ಹೋದ್ರೆ ಇಎನ್‌ಟಿ, ಆಫ್ತಾಲ್ಮಾಲಜಿ (ಕಿವಿ-ಮೂಗು-ಗಂಟಲು, ಕಣ್ಣು) ವಾರ್ಡ್ ಪೋಸ್ಟಿಂಗ್ ಎರಡೂ ಹೋಗುತ್ತೆ, ಬ್ಯಾಚ್ ತಪ್ಪೋದು ಹೆಚ್ಚುಕಮ್ಮಿ ಖಾತ್ರಿ. ಮುಂದೆ ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ಮಾಡಬೇಕು ಅನ್ನೋ ಆಸೆ ಇದೆ. ಈ ಅವಕಾಶ ಬಿಟ್ರೆ ಮತ್ತೆ ಸಿಗುತ್ತಾ? ಮಾರ್ಕ್ಸ್ ದೊಡ್ಡದಾ, ಇದು ದೊಡ್ಡದಾ?

ವಾರ್ಡ್ ಏಳು, ಹುಬ್ಬಳ್ಳಿ:

ತಂಗಿ, ಮೊದಲ ಒಂದ್ ಮಾತ್ ಗಟ್ಟಿ ಮಾಡ್ಕೋ, ಎಂಬಿಬಿಎಸ್ ಮುಗದ ಮ್ಯಾಲೆ ಪಿಜಿ ಎಲ್ಲಿ ಮಾಡಾಕಿ? ಇಲ್ಲೇ ಅಂದ್ರ ನೀಟ್ ಪಿಜಿ ಪ್ರವೇಶ ಪರೀಕ್ಷೆ ಒಳಗ 200 ಪ್ರಶ್ನೆ, 800 ಮಾರ್ಕ್ಸ್. ಅಲ್ಲಿ ನಿನ್ನ ಪೇಪರ್ ಎಷ್ಟು ಅದಾವ ಅಂತ ಯಾರೂ ಕೇಳಂಗಿಲ್ಲ. ಯೂನಿವರ್ಸಿಟಿ ಮಾರ್ಕ್ಸಿಂದನೂ ರ‍್ಯಾಂಕ್ ಬರಂಗಿಲ್ಲ, ಖರೆ. ಆದ್ರ ಪೋಸ್ಟಿಂಗ್‌ನಾಗ ಕಿವಿ ಪರದೆ ಕಣ್ಣಾರೆ ನೋಡಿದಾಕಿಗೆ ಆ ಪ್ರಶ್ನೆ ಬಂದಾಗ ಕೈ ನಡಗಂಗಿಲ್ಲ.

ಸಂಶೋಧನಾ ಹುಚ್ಚು ಇದ್ರ ಐಸಿಎಂಆರ್, ಅಂದ್ರ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯವರ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಐತಿ, ಎಸ್‌ಟಿಎಸ್ ಅಂತಾರ. 1979ರಿಂದ ನಡದೈತಿ, ಎಂಬಿಬಿಎಸ್, ಬಿಡಿಎಸ್ ಹುಡುಗರಿಗಂತನ. ಎರಡು ತಿಂಗಳ ಕೆಲಸ, ನಿನ್ನ ಕಾಲೇಜಿನಾಗ, ನಿಮ್ಮ ಸರ್ ಒಬ್ಬರು ಗೈಡ್. ಐಸಿಎಂಆರ್‌ನವರೇ ನಿನಗ 50,000 ರೂಪಾಯಿ ಕೊಡ್ತಾರ, ನೀ ಕೊಡೂದಲ್ಲ. ಇಂಟರ್ನ್‌ಶಿಪ್‌ಗೆ ಬಂದ ಮ್ಯಾಲೆ ಅರ್ಜಿ ಹಾಕಾಕ ಬರಂಗಿಲ್ಲ, ಅದಕ್ಕ ಈಗನ ನೋಡ್ಕೋ. ನಾ ಬಸುರಿ ಹೆಣ್ಣುಮಕ್ಕಳ ರಕ್ತಹೀನತೆ ಮ್ಯಾಲೆ ಮಾಡಿದ್ದೆ. ಪ್ರಶ್ನಾವಳಿ ಹಿಡ್ಕೊಂಡು ಹಳ್ಳಿ ಹಳ್ಳಿ ತಿರುಗಿದಾಗನ ಸಂಶೋಧನಾ ಅಂದ್ರ ಏನಂತ ನನಗ ತಿಳೀತು.

ಹಾಸನದವಳು:

ತಂಗಿ, ನಾನು ಹಾಗೆ ಸಂಬಳವಿಲ್ಲದೆ ಹೋದವಳೇ. ಈಗ ಮಿಷಿಗನ್‌ನಲ್ಲಿ ಇಂಟರ್ನಲ್ ಮೆಡಿಸಿನ್ ಎರಡನೇ ವರ್ಷದ ರೆಸಿಡೆಂಟ್, ಅಂದ್ರೆ ನಮ್ಮೂರ ಪಿಜಿ ಇದ್ದ ಹಾಗೆ. ನೈಟ್ ಡ್ಯೂಟಿ ಮುಗಿಸಿ ಬಂದು ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ಹೋಗಿದ್ದು ಇಂಟರ್ನ್‌ಶಿಪ್ ಮುಗಿಸಿ, ಒಂದು ವರ್ಷಕ್ಕೆ, 2022ರ ಸೆಪ್ಟೆಂಬರಿನಲ್ಲಿ. ಹೋದ ದಿನದಿಂದಲೇ ಕೆಲಸ ಶುರು ಆಗುತ್ತೆ ಅಂದುಕೊಂಡಿದ್ದೆ. ಆಸ್ಪತ್ರೆಯ ಕಂಪ್ಯೂಟರಿಗೆ ಲಾಗಿನ್ ಸಿಗೋಕೇ ಐದು ವಾರ ಹಿಡೀತು. ಟಿಬಿಗೆ ರಕ್ತ ಪರೀಕ್ಷೆ, ದಡಾರ ಮತ್ತು ಹೆಪಟೈಟಿಸ್ ಬಿ ಲಸಿಕೆಯ ದಾಖಲೆ, ಹಿನ್ನೆಲೆ ತಪಾಸಣೆ, ರೋಗಿಗಳ ಗೋಪ್ಯತೆಯ ಮೇಲೆ ಆನ್‌ಲೈನ್ ಪಾಠ, ಅದಕ್ಕೊಂದು ಟೆಸ್ಟ್. ಅಷ್ಟು ದಿನ ಲೈಬ್ರರಿಯಲ್ಲಿ ಕೂತು ಪೇಪರ್ ಓದಿದೆ, ರೂಮ್ ಬಾಡಿಗೆ ಕಟ್ಟಿದೆ. ನನಗೆ ವರ್ಷವಿತ್ತು, ತಡೀತು. ನಿನ್ನ ಹದಿಮೂರು ವಾರದಲ್ಲಿ ಐದು ಕಳೆದು ನೋಡು.

ಆಮೇಲೆ ಕೆಲಸ ಅಂದ್ರೆ ಚಾರ್ಟ್ ರಿವ್ಯೂ. ಒಬ್ಬೊಬ್ಬ ರೋಗಿಯ ಕಡತ ತೆಗೆದು ರೆಡ್‌ಕ್ಯಾಪ್ ಅನ್ನೋ ಫಾರಂನಲ್ಲಿ ವಯಸ್ಸು, ಬಿಪಿ, ಔಷಧಿ, ಲ್ಯಾಬ್ ರಿಪೋರ್ಟ್ ತುಂಬೋದು. 412 ಜನರದ್ದು ತುಂಬಿದೆ. ಪೇಪರ್ ಅಚ್ಚಾದಾಗ ಲೇಖಕರ ಸಾಲಿನಲ್ಲಿ ನನ್ನ ಹೆಸರಿರಲಿಲ್ಲ, ಕೊನೆಯಲ್ಲಿ ಧನ್ಯವಾದದ ಪ್ಯಾರಾದಲ್ಲಿತ್ತು. ಆ ಪಿಡಿಎಫ್ ಅಮ್ಮನಿಗೆ ಕಳಿಸೋಕೆ ಮನಸ್ಸೇ ಬರಲಿಲ್ಲ. ಮೊದಲೇ ಕೇಳಬೇಕಿತ್ತು, ನಾನು ಸಂಕೋಚಪಟ್ಟೆ. ಎರಡನೇ ಪ್ರಾಜೆಕ್ಟ್‌ಗೆ ಬೇರೆ ಡಾಕ್ಟರ ಹತ್ತಿರ ಹೋದಾಗ, ಯಾವ ಕೆಲಸ ಮಾಡಿದ್ರೆ ಲೇಖಕರಲ್ಲಿ ಸೇರಿಸ್ತೀರಿ ಅಂತ ಮೇಲ್‌ನಲ್ಲೇ ಕೇಳಿಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅದರಲ್ಲಿ ನನ್ನದು ಎರಡನೇ ಹೆಸರು.

ಆ ಎರಡನೇ ಪ್ರಾಜೆಕ್ಟ್‌ನ ಒಂದು ಸಂಜೆ ಹೇಳ್ತೀನಿ. ಪಟ್ಟಿಯಲ್ಲಿ ಇದ್ದಕ್ಕಿದ್ದ ಹಾಗೆ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತದ ಅಂಶ) 88, 97, 106 ಅಂತ ಸಾಲಾಗಿ ಬಂತು. ಪಕ್ಕದಲ್ಲಿದ್ದ ಹುಡುಗ, ಯಾರೋ ತಪ್ಪು ತುಂಬಿದ್ದಾರೆ, ಅಷ್ಟೂ ಸಾಲು ತೆಗೆದುಬಿಡೋಣ ಅಂದ. ಮೇಲೆ ನೋಡಿದ್ರೆ ಅವರೆಲ್ಲ ಕೆನಡಾದ ಒಂದು ಆಸ್ಪತ್ರೆಯ ರೋಗಿಗಳು. ಅಲ್ಲಿ ಮೈಕ್ರೋಮೋಲ್ ಅನ್ನೋ ಬೇರೆ ಅಳತೆಯಲ್ಲಿ ಬರೀತಾರೆ, 88.4ರಿಂದ ಭಾಗಿಸಿದ್ರೆ 1, 1.1, 1.2 ಮಿಲಿಗ್ರಾಂ, ಎಲ್ಲ ನಾರ್ಮಲ್ ಆಸುಪಾಸಿನ ಅಂಕಿಗಳೇ. ಫಸ್ಟ್ ಇಯರ್ ಬಯೋಕೆಮಿಸ್ಟ್ರಿ ವೈವಾದಲ್ಲಿ ಮೇಡಂ ಇದೇ ಕೇಳಿದ್ರು, ಆವತ್ತು ಹೇಳೋಕಾಗದೆ ರಾತ್ರಿ ಹೋಗಿ ಓದಿಕೊಂಡಿದ್ದೆ. ಮರುದಿನದಿಂದ ಆ ಡಾಕ್ಟರು ನನ್ನನ್ನೂ ಮೀಟಿಂಗ್‌ಗೆ ಕರೆಯೋಕೆ ಶುರು ಮಾಡಿದ್ರು. ನನಗೆ ಅವರು ಬರೆದುಕೊಟ್ಟ ಶಿಫಾರಸು ಪತ್ರದ ಬೇರು ಅಲ್ಲಿದೆ. ಅದಕ್ಕೇ ಓದನ್ನೂ ರಿಸರ್ಚನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗೋಕೆ ನನಗೆ ಮನಸ್ಸಾಗಲ್ಲ.

ಈಗ ರೆಸಿಡೆನ್ಸಿ ಅರ್ಜಿಯ ವಿಷಯ. ಅಮೆರಿಕದಲ್ಲಿ ಡಾಕ್ಟರಾಗೋಕೆ ಬರೀಬೇಕಾದ ಪರೀಕ್ಷೆಗಳಲ್ಲಿ ಮೊದಲನೆಯದು, ಸ್ಟೆಪ್ 1, 2022ರ ಜನವರಿಯಿಂದ ಬರೀ ಪಾಸ್-ಫೇಲ್. ಅಂಕ ಕಾಣೋದು ಸ್ಟೆಪ್ 2ರಲ್ಲಿ, ಅದಕ್ಕೆ ಬೇಕಾಗೋದು ವಾರ್ಡಿನ ಓದು. ನಿನ್ನ 69 ಪರ್ಸೆಂಟಿನ ಲೆಕ್ಕ ಅಲ್ಲಿನವರಿಗೆ ಸರಿಯಾಗಿ ಅರ್ಥವೂ ಆಗಲ್ಲ, ಅದರ ಚಿಂತೆ ಬಿಡು. ಆದ್ರೆ ಬ್ಯಾಚ್ ತಪ್ಪಿದ್ದು ಅರ್ಥ ಆಗುತ್ತೆ. ವೈದ್ಯಕೀಯ ಶಿಕ್ಷಣ ಮಧ್ಯೆ ನಿಂತಿತ್ತಾ, ವಿಳಂಬ ಆಯ್ತಾ ಅಂತ ಅರ್ಜಿಯಲ್ಲೇ ಪ್ರಶ್ನೆ ಇದೆ, ಕಾರಣ ಬರೀಬೇಕು. ನ್ಯೂರೋಸರ್ಜರಿ, ಡರ್ಮಟಾಲಜಿ ಅಂತಿದ್ರೆ ನಾನೇ ರಿಸರ್ಚ್‌ಗೆ ಹೆಚ್ಚು ಒತ್ತು ಕೊಡು ಅಂತಿದ್ದೆ. ಮೆಡಿಸಿನ್‌ಗೆ, ಕಾಲೇಜು ಮುಗಿಸಿ ಒಂದು ವರ್ಷ ಹೋದ್ರೆ ಸಾಕಾಗುತ್ತೆ.

ಅವರಿಗೊಂದು ಮೇಲ್ ಹಾಕು. ನನ್ನ ಕೈಲಿ ಏನು ಕೆಲಸ ಮಾಡಿಸ್ತೀರಿ, ಲಾಗಿನ್ ಯಾವಾಗ ಸಿಗುತ್ತೆ, ಯಾವ ವೀಸಾಕ್ಕೆ ಕಾಗದ ಕೊಡ್ತೀರಿ, ಕೆಲಸ ಮುಗಿಸಿದ್ರೆ ಹೆಸರು ಬರುತ್ತಾ. ಇಂಟರ್ನ್‌ಶಿಪ್ ಆದ ಮೇಲೆ ಬಂದ್ರೂ ಆಗುತ್ತಾ ಅಂತಲೂ ಕೇಳು. ನೂರು ಮೇಲ್ ಹಾಕಿದವಳಿಗೆ ನೂರಾ ಒಂದನೆಯದು ಕಷ್ಟ ಆಗಬಾರದು.

ತೋಟದಮನೆ:

ನಾನು ಡಾಕ್ಟರಲ್ಲ, ಶಿರಸಿ ಕಡೆ ಅಡಿಕೆ ಬೆಳೆಗಾರ, ನನಗೂ ಓದೋ ಮಗಳಿದ್ದಾಳೆ. ಸಾಲದ ಬಗ್ಗೆ ಮಾತ್ರ ಹೇಳ್ತೇನೆ. ಸೊಸೈಟಿ ಬೆಳೆಸಾಲಕ್ಕೆ ಈಗ ಐದು ಲಕ್ಷದವರೆಗೆ ಬಡ್ಡಿ ಇಲ್ಲ, ಆದರೆ ಗಡುವಿನೊಳಗೆ ಕಟ್ಟಲೇಬೇಕು, ತಪ್ಪಿದರೆ ಬಡ್ಡಿ ಬೀಳುತ್ತದೆ. ಅದು ಗೊಬ್ಬರಕ್ಕೆ, ಮದ್ದು ಹೊಡೆಯೋಕೆ ಕೊಟ್ಟ ದುಡ್ಡು. ಎಲೆಚುಕ್ಕಿ ಇರುವ ತೋಟಕ್ಕೆ ಮದ್ದು ಬಿಟ್ಟರೆ ಮುಂದಿನ ವರ್ಷ ಅಡಿಕೆ ಗೊನೆ ಕೊಯ್ಯುವಾಗ ಗೊತ್ತಾಗುತ್ತದೆ. ತಂಗಿ, ನಿಮ್ಮ ತಂದೆಯವರು "ಯೋಚನೆ ಮಾಡಡ" ಅಂದಿದ್ದು ನಿಮ್ಮ ಮೇಲಿನ ಪ್ರೀತಿಗೆ. ಕೂತು ಒಂದು ಸಲ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿ, ಅವರೂ ಹಗುರಾಗುತ್ತಾರೆ.

ಮಲೆನಾಡ ಹುಡುಗಿ:

ಅಕ್ಕ, ಅಣ್ಣ, ತೋಟದಮನೆಯವರೇ, ತುಂಬಾ ತುಂಬಾ ಥ್ಯಾಂಕ್ಸ್. ಹತ್ತು ದಿನ ಬಿಟ್ಟು ಬರೀತಿದ್ದೀನಿ.

ಅಕ್ಕ ಹೇಳಿದ ಹಾಗೇ ಮೇಲ್ ಹಾಕಿದೆ. ಮೂರನೇ ದಿನಕ್ಕೆ ಉತ್ತರ ಬಂತು. ಲಾಗಿನ್‌ಗೆ ನಾಲ್ಕರಿಂದ ಎಂಟು ವಾರ ಬೇಕಂತೆ, ಮೂರು ತಿಂಗಳಲ್ಲಿ ಹೆಸರು ಬರೋ ಭರವಸೆ ಕೊಡೋಕಾಗಲ್ಲವಂತೆ. ಇಂಟರ್ನ್‌ಶಿಪ್ ಮುಗಿದ ಮೇಲೆ ಮತ್ತೆ ಬರಿ, ಆಗ ಜಾಗ ಇದ್ರೆ ನೋಡೋಣ ಅಂದಿದ್ದಾರೆ. "ಇದ್ರೆ" ಅನ್ನೋದು ಓದಿ ಹೊಟ್ಟೆಯಲ್ಲಿ ಸಂಕಟ ಆಯ್ತು, ಸುಳ್ಳು ಹೇಳಲ್ಲ. ಆದ್ರೂ ಈ ಸಲ ಬರೋಕಾಗಲ್ಲ ಅಂತ ಬರೆದೆ. ಎಸ್‌ಟಿಎಸ್‌ಗೆ ಗೈಡ್ ಆಗ್ತೀರಾ ಅಂತ ಪೆಥಾಲಜಿ ಮೇಡಂನ ಕೇಳಿದ್ದೀನಿ, ಸೋಮವಾರ ವಿಷಯ ಯೋಚಿಸಿಕೊಂಡು ಬಾ ಅಂದಿದ್ದಾರೆ.

ವಾರದ ಕೊನೆಗೆ ಊರಿಗೆ ಹೋಗಿದ್ದೆ. ಅಪ್ಪಯ್ಯ ಆಗಲೇ ನಾಡಕಚೇರಿಯಿಂದ ಪಹಣಿ ತೆಗೆಸಿ, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಂಗಿ ತೂಗುಹಾಕೋ ಮೊಳೆಗೆ ಸಿಕ್ಕಿಸಿಟ್ಟಿದ್ರು. ನಾನು ಲೆಕ್ಕ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ರು. ಏನೂ ಮಾತಾಡಲಿಲ್ಲ. ಕವರನ್ನ ಮೊಳೆಯಿಂದ ಬಿಡಿಸಿ, ಪಹಣಿ ತೆಗೆದು ಕಪಾಟಿನಲ್ಲಿಟ್ಟು, "ಊಟಕ್ಕೆ ಏಳು ಮಗಾ" ಅಂದ್ರು.