ಪಿಕಪ್ ಲೀಟರಿಗೆ 13 ಕಿಲೋಮೀಟರ್ ಕೊಡುತ್ತಿತ್ತು, ಈಗ 9. ಡೀಸೆಲ್ ಪಂಪ್ ಇಳಿಸಲೇಬೇಕಾ?

ಅಣ್ಣಿಗೇರಿ ಈರುಳ್ಳಿ:
ನನ್ನದು 2011ರ ಡೀಸೆಲ್ ಪಿಕಪ್, ಸೆಕೆಂಡ್ ಹ್ಯಾಂಡ್. ಅಣ್ಣಿಗೇರಿಯಿಂದ ಅಮರಗೋಳ ಎಪಿಎಂಸಿಗೆ ಈರುಳ್ಳಿ, ಕಡಲೆ ಹೊಡೆಯುತ್ತೇನೆ. ಸೀಸನ್‌ನಲ್ಲಿ ಬ್ಯಾಡಗಿಗೆ ಮೆಣಸಿನಕಾಯಿ. ಮೊದಲು ಲೀಟರಿಗೆ 13 ಬರುತ್ತಿತ್ತು. ದೀಪಾವಳಿ ಆದಮೇಲೆ 9 ದಾಟುತ್ತಿಲ್ಲ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹೊಸದು. ಇಂಜೆಕ್ಟರ್ ಬಿಚ್ಚಿಸಿ ನೋಡಿಸಿದೆ, ಸರಿ ಇವೆಯಂತೆ. ಕಪ್ಪು ಹೊಗೆಯೂ ಇಲ್ಲ. ಈಗ ಮೆಕ್ಯಾನಿಕ್ ಪಂಪ್ ಇಳಿಸೋಣ ಅನ್ನುತ್ತಿದ್ದಾರೆ. ಖರ್ಚು ಕೇಳಿ ಗಾಡಿಗಿಂತ ಮೊದಲು ನನಗೇ ಹೊಗೆ ಬಂತು.

ಮೋಟೆಬೆನ್ನೂರು ಬಾಡಿಗೆ:
ಅಣ್ಣ, ಅಳೆದಿದ್ದು ಹೇಗೆ? ಸಾವಿರ ರೂಪಾಯಿ ಹಾಕಿಸಿ ಅಂದಾಜು ಮಾಡಿದ್ದರೆ ಬಿಟ್ಟುಬಿಡಿ. ಒಂದೇ ಬಂಕಿನಲ್ಲಿ ಫುಲ್‌ನಿಂದ ಫುಲ್‌ಗೆ ನೋಡಿ. ಮೆಣಸಿನಕಾಯಿ ಟ್ರಿಪ್ ಬೇರೆ ಬರೆದಿಡಿ. ಅದು ತೂಕ ಕಡಿಮೆ, ಎತ್ತರ ಜಾಸ್ತಿ. ಹೈವೇಯಲ್ಲಿ 60ರ ಬದಲು 80ರಲ್ಲಿ ಹೋದರೆ ಗಾಳಿಯ ತಡೆ ಹತ್ತಿರ ಹತ್ತಿರ 1.8 ಪಟ್ಟು ಆಗುತ್ತದೆ. ಚೀಲದ ಗುಡ್ಡ ಹೊತ್ತುಕೊಂಡು ಎದುರುಗಾಳಿಗೆ ಗುದ್ದಾಡಿದ ಹಾಗೆ.
ಟೈರ್ ಬದಲಿಸಿದ್ದೀರಾ? ದೊಡ್ಡ ಸೈಜ್ ಹಾಕಿದ್ದರೆ ಮೀಟರ್ ಕಡಿಮೆ ಓಡುತ್ತದೆ.

ಬೆಟಗೇರಿ ಗ್ಯಾರೇಜ್:
ಪಂಪ್ ಮುಟ್ಟಬೇಡಿ. ಮೊದಲು ದುಡ್ಡಿಲ್ಲದ ಎರಡು ಕೆಲಸ ಮಾಡಿ.
20 ಕಿಲೋಮೀಟರ್ ಓಡಿಸಿ, ಬ್ರೇಕ್ ಒತ್ತದೆ ತಾನಾಗೇ ನಿಲ್ಲಲು ಬಿಡಿ. ಇಳಿದು ನಾಲ್ಕೂ ಗಾಲಿಯ ಹಬ್, ಅಂದರೆ ನಡುಭಾಗದ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ, ಇಲ್ಲಾ ಬೇರಿಂಗ್ ಹೋಗಿದೆ.
ಎರಡನೇದು, ಟೆಂಪರೇಚರ್ ಮುಳ್ಳು. ಅರ್ಧ ತಾಸು ಓಡಿದರೂ ಕೆಳಗೇ ಮಲಗಿರುತ್ತದಾ? ಹಾಗಿದ್ದರೆ ಥರ್ಮೋಸ್ಟ್ಯಾಟ್, ಅಂದರೆ ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್, ಕಿತ್ತಿರುತ್ತಾರೆ. ಬೇಸಿಗೆಯಲ್ಲಿ ಗಾಡಿ ಕಾದರೆ ಅದನ್ನು ಕಿತ್ತೊಗೆಯುವ ಚಟ ನಮ್ಮ ಲೈನಿನಲ್ಲಿ ಹಳೇದು. ಹುಡುಗನಾಗಿದ್ದಾಗ ನಾನೂ ಕಿತ್ತಿದ್ದೇನೆ. ಆಮೇಲೆ ನೀರು ಸದಾ ರೇಡಿಯೇಟರ್ ಸುತ್ತುತ್ತದೆ, 80-90 ಡಿಗ್ರಿಯಲ್ಲಿ ಇರಬೇಕಾದ ಇಂಜಿನ್ ಬೆಚ್ಚಗೇ ಆಗುವುದಿಲ್ಲ. ಆಯಿಲ್ ಗಟ್ಟಿ, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ.

ಅಣ್ಣಿಗೇರಿ ಈರುಳ್ಳಿ:
ಶಿರಗುಪ್ಪಿ ಹತ್ತಿರ ನಿಲ್ಲಿಸಿ ಮುಟ್ಟಿದೆ. ಮೂರು ಗಾಲಿ ಸುಮ್ನೆ ಬೆಚ್ಚಗೆ. ಹಿಂದಿನ ಎಡಗಾಲಿಗೆ ಕೈ ಒಯ್ಯುವಷ್ಟರಲ್ಲೇ ಸುಡುವ ಝಳ, ಜೊತೆಗೆ ಬ್ರೇಕ್ ಲೈನರ್ ಸುಟ್ಟ ವಾಸನೆ. ಜ್ಯಾಕ್ ಹಾಕಿ ತಿರುಗಿಸಿದರೆ ಗಾಲಿ ಅರ್ಧ ಸುತ್ತಿಗೇ ನಿಂತಿತು. ಡ್ರಮ್ ಬಿಚ್ಚಿದಾಗ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಒಳಗೆಲ್ಲ ಒಣಗಿದ ಎರೆಮಣ್ಣು. ಆಗ ನೆನಪಾಯಿತು. ಅಕ್ಟೋಬರ್ ಮಳೆಯಲ್ಲಿ ಗಾಡಿಯನ್ನು ಈರುಳ್ಳಿ ಹೊಲಕ್ಕೇ ಇಳಿಸಿದ್ದೆ, ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಕಾಯಿತು. ಎರೆ ಬಿಡುತ್ತದೆಯೇ!
ಮುಳ್ಳೂ ಕೆಳಗೇ ಇತ್ತು. ಥರ್ಮೋಸ್ಟ್ಯಾಟ್ ಕೂರುವ ಹೌಸಿಂಗ್ ಬಿಚ್ಚಿದರೆ ಖಾಲಿ. ಹೋದ ಏಪ್ರಿಲ್‌ನಲ್ಲಿ ಗಾಡಿ ಕಾದಾಗ ಒಂದು ಕಡೆ ತೋರಿಸಿದ್ದೆ. ಕಿತ್ತವರು ನನಗೆ ಒಂದು ಮಾತೂ ಹೇಳಿಲ್ಲ.
ಕೇಬಲ್, ಥರ್ಮೋಸ್ಟ್ಯಾಟ್ ಎರಡೂ ಹಾಕಿಸಿ ಫುಲ್‌ನಿಂದ ಫುಲ್‌ಗೆ ನೋಡಿದೆ. 410 ಕಿಲೋಮೀಟರಿಗೆ 34 ಲೀಟರ್. ಅಂದರೆ 12. ಟೈರ್ ಮಾತೂ ನಿಜ. ಒಂದು ಸೈಜ್ ದೊಡ್ಡದು ಹಾಕಿದ್ದೇನೆ. ರಸ್ತೆಯ ಕಿಲೋಮೀಟರ್ ಕಲ್ಲು ಎಣಿಸಿದರೆ 20, ಮೀಟರಿನಲ್ಲಿ 19.2.

ಮೋಟೆಬೆನ್ನೂರು ಬಾಡಿಗೆ:
ಹಾಗಾದರೆ ಅದು 12 ಅಲ್ಲ, ಹನ್ನೆರಡೂವರೆ. ಪಾರ್ಟಿ ಯಾವಾಗ?

ಬೆಟಗೇರಿ ಗ್ಯಾರೇಜ್:
ಪಾರ್ಟಿ ಆಮೇಲೆ. ಏಪ್ರಿಲ್‌ನಲ್ಲಿ ಗಾಡಿ ಯಾಕೆ ಕಾದಿತ್ತು ಅಂತ ಇನ್ನೂ ಯಾರೂ ನೋಡಿಲ್ಲ ಅಲ್ವಾ? ಬಿಸಿಲು ಏರುವ ಮೊದಲು ರೇಡಿಯೇಟರ್ ತೊಳೆಸಿ, ಫ್ಯಾನ್ ಬೆಲ್ಟ್ ನೋಡಿಸಿ. ಇಲ್ಲದಿದ್ದರೆ ಹೊಸ ಥರ್ಮೋಸ್ಟ್ಯಾಟನ್ನೂ ಯಾರಾದರೂ ಕೀಳುತ್ತಾರೆ.