ಸಹಾಯ ಬೇಕು: ಏಷ್ಯನ್ ಫ್ಯೂಷನ್ ರೆಸ್ಟೋರೆಂಟ್‌ನಲ್ಲಿ ಅಮ್ಮನಿಗೆ ಏನು ಆರ್ಡರ್ ಮಾಡಲಿ?

ಎಲ್ಲರಿಗೂ ನಮಸ್ಕಾರ. ಅಮ್ಮನನ್ನು ಏಷ್ಯನ್ ಫ್ಯೂಷನ್ (ಏಷ್ಯಾದ ಬೇರೆ ಬೇರೆ ದೇಶಗಳ ಅಡುಗೆ ಬೆರೆಸಿದ) ಊಟಕ್ಕೆ ಕರೆದುಕೊಂಡು ಹೋಗಬೇಕು ಅಂತ ತುಂಬಾ ಆಸೆ. ಅವರು ಅಪ್ಪಟ ಸಸ್ಯಾಹಾರಿ, ಮೊಟ್ಟೆಯೂ ತಿನ್ನುವುದಿಲ್ಲ. ಮೆನುವಿನಲ್ಲಿ ತರಕಾರಿ ಹೆಸರಿದ್ದರೆ ಸಾಲದು, ಅಲ್ವಾ? ಥಾಯ್ ಕರಿ ಪೇಸ್ಟ್‌ನಲ್ಲಿ ಸಾಮಾನ್ಯವಾಗಿ ಸೀಗಡಿ ಇರುತ್ತದೆ. ಕಿಮ್ಚಿಗೂ (ಕೊರಿಯಾದ ಹುಳಿ ಬರಿಸಿದ ಕೋಸು) ಪ್ಯಾಡ್ ಥಾಯ್‌ಗೂ (ಥಾಯ್ ನೂಡಲ್ಸ್) ಸಾಮಾನ್ಯವಾಗಿ ಮೀನಿನ ಸಾಸ್ ಹಾಕುತ್ತಾರೆ. ಜಪಾನಿನ ಮಿಸೊ (ಹುಳಿ ಬರಿಸಿದ ಸೋಯಾ) ಸೂಪಿಗೆ ಬಳಸುವ ದಾಶಿ ಅನ್ನುವ ಸಾರು ಹೆಚ್ಚಾಗಿ ಒಣಮೀನಿನದೇ. ಮೇಲೆ ನಾಲ್ಕು ತುಂಡು ತೋಫು (ಸೋಯಾ ಪನೀರ್) ಕಂಡ ಮಾತ್ರಕ್ಕೆ ನಂಬುವ ಹಾಗಿಲ್ಲ.

ಬಡಿಸುವವರನ್ನು ಕೇಳಿದರೆ ಸುಮ್ನೆ ‘ವೆಜ್ಜೇ’ ಅಂದುಬಿಡುತ್ತಾರೆ. ಅಡುಗೆಯವರನ್ನೇ ವಿಚಾರಿಸಿ ಬನ್ನಿ ಅಂತ ಬೇಜಾರಾಗದ ಹಾಗೆ ಹೇಗೆ ಹೇಳುವುದು? ಟೇಬಲ್ ಬುಕ್ ಮಾಡುವಾಗಲೇ ತಿಳಿಸಿದರೆ ಸಾಸ್ ಬೇರೆ ಮಾಡಿಕೊಡುತ್ತಾರಾ? ಅನುಭವ ಇರುವವರು ದಯವಿಟ್ಟು ತಿಳಿಸಿ. ಖಾರ ಜಾಸ್ತಿ ಇಲ್ಲದ, ಇಬ್ಬರೂ ಹಂಚಿಕೊಂಡು ತಿನ್ನುವಂಥ ಒಂದೆರಡು ತಿನಿಸಿನ ಹೆಸರನ್ನೂ ಹೇಳಿ.