ಮಹೋ ಶೋಜೊ, ಮಜೊ, ಅಕುಮ: ಈ ಮೂರಕ್ಕೂ ಹೊಂದುವ ಕನ್ನಡ ಪದಗಳು ಬೇಕು

ಗೆಳೆಯರೇ, ನಮಸ್ಕಾರ.

'ಮಹೋ ಶೋಜೊ ಮದೊಕ ಮಾಗಿಕ' ಎಂಬ ಜಪಾನಿ ಅನಿಮೆಯ (ಅಲ್ಲಿನ ಅನಿಮೇಷನ್ ಸರಣಿಯ) ಮೂರನೇ ಚಿತ್ರದ ಬಗ್ಗೆ ಕನ್ನಡದಲ್ಲಿ ಒಂದು ಉದ್ದನೆಯ ಬರಹ ಬರೆಯುತ್ತಿದ್ದೇನೆ. ಅನಿಮೆ ನೋಡುವ ಕನ್ನಡಿಗರು ಮಾತಿನಲ್ಲಿ 'ಮ್ಯಾಜಿಕಲ್ ಗರ್ಲ್', 'ವಿಚ್' ಅಂತಲೇ ಅನ್ನುತ್ತಾರೆ. ಬೇರೆ ಅನಿಮೆಗಳಿಗೆ ಅಷ್ಟು ಸಾಕು. ಇದಕ್ಕೆ ಸಾಲದು. ಇದರಲ್ಲಿ ಕಥೆಯ ತಿರುವೇ ಪದಗಳ ಒಳಗೆ ಅಡಗಿ ಕೂತಿದೆ. ಅದಕ್ಕೇ ನಿಮ್ಮೆಲ್ಲರನ್ನೂ ಕೇಳುತ್ತಿದ್ದೇನೆ. ಚಿತ್ರ ನೋಡದೆ ಇರುವವರಿಗೆ ಒಂದು ಮಾತು: ಮುಂದೆ ಕಥೆಯ ಗುಟ್ಟುಗಳೆಲ್ಲ ಬರುತ್ತವೆ. ಅವನ್ನು ಬಿಟ್ಟು ಈ ಚರ್ಚೆ ಮಾಡಲು ಆಗುವುದಿಲ್ಲ.

ಹಿನ್ನೆಲೆ ಇಷ್ಟು. 2011ರ ಜನವರಿಯಿಂದ ಏಪ್ರಿಲ್‌ವರೆಗೆ ಜಪಾನಿನ ಟೀವಿಯಲ್ಲಿ 12 ಕಂತುಗಳಲ್ಲಿ ಸರಣಿ ಬಂತು. ಮಾರ್ಚ್ 11ರ ಭೂಕಂಪದಿಂದಾಗಿ ಕೊನೆಯ ಕಂತುಗಳು ತಡವಾದವು. ತಯಾರಿಸಿದ್ದು ಶಾಫ್ಟ್ ಸ್ಟುಡಿಯೊ, ನಿರ್ದೇಶನ ಅಕಿಯುಕಿ ಶಿನ್ಬೊ, ಕಥೆ ಗೆನ್ ಉರೊಬುಚಿ. 2012ರಲ್ಲಿ ಬಂದ ಎರಡು ಚಿತ್ರಗಳು ಟೀವಿಯ ಕಥೆಯನ್ನೇ ಮತ್ತೆ ಹೇಳಿದವು. 2013ರ ಅಕ್ಟೋಬರ್ 26ಕ್ಕೆ ತೆರೆಕಂಡ ಮೂರನೆಯದು ಮಾತ್ರ ಹೊಸ ಕಥೆ. ಅದರ ಹೆಸರು 'ಹಂಗ್ಯಾಕು ನೊ ಮೊನೊಗತಾರಿ'. ಇಂಗ್ಲಿಷಿನಲ್ಲಿ 'ರೆಬೆಲಿಯನ್' ಅಂತ ಕರೆದರು.

ಈಗ ಪದಕ್ಕೆ ಬರೋಣ. ಮಹೋ ಅಂದರೆ ಮಾಯಾವಿದ್ಯೆ, ಶೋಜೊ ಅಂದರೆ ಹುಡುಗಿ. ಜಪಾನಿಯಲ್ಲಿ ಇದನ್ನು ನಾಲ್ಕು ಅಕ್ಷರದಲ್ಲಿ ಬರೆಯುತ್ತಾರೆ: ಮ, ಹೋ, ಶೋ, ಜೊ. ನಡುವಿನ ಎರಡನ್ನು ತೆಗೆದುಬಿಡಿ. ಉಳಿಯುವುದು ಮಜೊ. ಮಜೊ ಅಂದರೆ ಮಾಟಗಾತಿ.

ಟೀವಿ ಸರಣಿಯ ಎಂಟನೇ ಕಂತಿನ ಕೊನೆಗೆ ಈ ಗುಟ್ಟು ಹೊರಬೀಳುತ್ತದೆ. ಅಲ್ಲಿಯವರೆಗೆ ಕ್ಯೂಬೇ ಎಂಬ ಮುದ್ದಾದ ಬಿಳಿ ಪ್ರಾಣಿ ಹುಡುಗಿಯರ ಜೊತೆ ಕರಾರು ಮಾಡಿಕೊಳ್ಳುತ್ತಿರುತ್ತದೆ. ಒಂದು ಬಯಕೆ ಈಡೇರಿಸುತ್ತೇನೆ, ಬದಲಿಗೆ ನೀನು ಮಹೋ ಶೋಜೊ ಆಗಿ ಮಜೊಗಳ ಜೊತೆ ಹೋರಾಡಬೇಕು ಅಂತ. ಆಮೇಲೆ ತಿಳಿಯುತ್ತದೆ, ಮಜೊಗಳೆಲ್ಲ ಒಂದು ಕಾಲಕ್ಕೆ ಇಂಥ ಹುಡುಗಿಯರೇ. ಅವರ ಜೀವ ಒಂದು ಮಣಿಯಲ್ಲಿರುತ್ತದೆ. ಎದೆಗುಂದಿದಾಗ ಆ ಮಣಿ ಕಪ್ಪಾಗುತ್ತದೆ, ಪೂರ್ತಿ ಕಪ್ಪಾದರೆ ಹುಡುಗಿ ಮಜೊ ಆಗುತ್ತಾಳೆ. ಸಯಾಕ ಎಂಬ ಹುಡುಗಿಗೆ ಹಾಗೆ ಆಗುತ್ತಿರುವಾಗ ಕ್ಯೂಬೇ ಸಮಾಧಾನವಾಗಿ ಹೇಳುವ ಮಾತಿನ ತಾತ್ಪರ್ಯ ಇದು: ಈ ದೇಶದಲ್ಲಿ ಇನ್ನೂ ಬೆಳೆಯುತ್ತಿರುವ ಹೆಂಗಸನ್ನು ಶೋಜೊ ಅನ್ನುತ್ತಾರೆ, ಹಾಗಿದ್ದ ಮೇಲೆ ಮುಂದೆ ಮಜೊ ಆಗುವ ನಿಮ್ಮನ್ನು ಮಹೋ ಶೋಜೊ ಅನ್ನುವುದೇ ಸರಿ.

ಈ ಮಾತು ಕೇಳಿದ ಜಪಾನಿ ನೋಡುಗರಿಗೆ ಯಾಕೆ ಮೈ ಜುಮ್ಮೆಂದಿತು ಅಂದರೆ, ಮಹೋ ಶೋಜೊ ಎಂಬುದು ಅವರಿಗೆ ಚಿಕ್ಕಂದಿನಿಂದ ಬಾಯಲ್ಲಿದ್ದ ಸಿಹಿ ಪದ. 1966ರಲ್ಲಿ ತೋಯೆ ಸ್ಟುಡಿಯೊದ 'ಮಹೋತ್ಸುಕಾಯಿ ಸ್ಯಾಲಿ'ಯಿಂದ ಶುರುವಾಗಿ, 1992ರ 'ಸೇಲರ್ ಮೂನ್' ದಾಟಿ ಬಂದ ಸಾಲು ಅದು. ರಿಬ್ಬನ್ನು, ಮಂತ್ರದಂಡ, ಮಿಂಚು. ಆ ಪದದ ಎರಡು ತುದಿಯಲ್ಲಿ ಮಜೊ ನಿಂತಿದ್ದನ್ನು ಯಾರೂ ಗಮನಿಸಿರಲಿಲ್ಲ. ಹಾಗಾಗಿ ಕನ್ನಡದ ಪದವೂ ಮೊದಲು ಹಿತವಾಗಿ ಕೇಳಬೇಕು. ಆಮೇಲೆ ಅದರೊಳಗಿಂದ ಇನ್ನೊಂದು ಎದ್ದು ಬರಬೇಕು.

ನಮ್ಮಲ್ಲಿರುವ ಪದಗಳನ್ನು ಒಂದೊಂದಾಗಿ ತಿರುವಿ ನೋಡಿದೆ. 'ಜಾದೂ ಹುಡುಗಿ' ಅಂದರೆ ವೇದಿಕೆಯ ಮೇಲೆ ಟೋಪಿಯಿಂದ ಪಾರಿವಾಳ ತೆಗೆಯುವವಳು ಕಣ್ಣಿಗೆ ಬರುತ್ತಾಳೆ. 'ಕಿನ್ನರಿ' ಚೆಂದ, ಆದರೆ ಅದರಲ್ಲಿ ಕತ್ತಲೆ ಇಲ್ಲ. 'ಯಕ್ಷಿಣಿ' ನನಗೆ ತುಂಬ ಇಷ್ಟವಾಯಿತು. ಹಳಬರ ಮಾತಿನಲ್ಲಿ ಯಕ್ಷಿಣಿ ಅಂದರೆ ಒಬ್ಬ ಹೆಣ್ಣೂ ಹೌದು, ಕಣ್ಕಟ್ಟು ವಿದ್ಯೆಯೂ ಹೌದು. ಯಕ್ಷಿಣಿಗಾರ ಅಂತ ಕೇಳಿದ್ದೀರಲ್ಲ. ಆದರೆ ಅವಳು ಬೆಳೆದ ಹೆಣ್ಣು. ನಮ್ಮ ಕಥೆಯ ನಾಯಕಿ ಮದೊಕ ಹದಿನಾಲ್ಕರ ಹುಡುಗಿ, ಶಾಲೆಗೆ ಹೋಗುವವಳು.

'ಮಾಟ' ಎಂಬ ಪದದ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಮಾಡು ಎಂಬುದರಿಂದ ಬಂದ ಪದ. ಅದಕ್ಕೆ ಎರಡು ಮುಖ ಇದೆ. ಮಾಟವಾದ ಮೂಗು ಅಂದರೆ ಅಂದವಾದ ಮೂಗು. ಮಾಟ ಮಾಡಿಸಿದ್ದಾರೆ ಅಂದರೆ ಬಾಗಿಲ ಮುಂದೆ ಕುಂಕುಮ ಹಚ್ಚಿದ ನಿಂಬೆಹಣ್ಣು. ಒಂದೇ ಪದದಲ್ಲಿ ಅಂದವೂ ಕೇಡೂ ಇರುವುದು ನಮಗೆ ಬೇಕಾದ್ದೇ. ಆದರೆ ಈಗ 'ಮಾಟದ ಹುಡುಗಿ' ಅಂದರೆ ಸಿನಿಮಾ ಪತ್ರಿಕೆಗಳ 'ಮೈಮಾಟ' ನೆನಪಾಗುತ್ತದೆ. ಚಿಕ್ಕ ಹುಡುಗಿಯರ ಬಗ್ಗೆ ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ಅದನ್ನು ಕೈಬಿಟ್ಟೆ.

ಉಳಿದಿದ್ದು 'ಮಾಯ'. ಇಲ್ಲಿ ಒಂದು ತೊಡಕಿದೆ. 'ಮಾಯಾ' ಅಂತ ದೀರ್ಘವಾಗಿ ಮುಂದೆ ಬಂದರೆ, ಹಿಂದೆ ಬರುವ ವಸ್ತು ಸುಳ್ಳು ಅಂತ ಅರ್ಥ. ಮಾಯಾಮೃಗ ಜಿಂಕೆಯಲ್ಲ, ಮಾರೀಚ. ಮಾಯಾಸೀತೆ ಸೀತೆಯಲ್ಲ. ಅದೇ ಲೆಕ್ಕದಲ್ಲಿ 'ಮಾಯಾಬಾಲೆ' ಅಂದರೆ ಬಾಲೆಯ ವೇಷದಲ್ಲಿರುವ ಬೇರೆ ಯಾರೋ ಆಗುತ್ತಾಳೆ. ಈ ಹುಡುಗಿಯರು ನಿಜವಾದ ಹುಡುಗಿಯರು, ಅದೇ ಸಂಕಟ. ಆದರೆ ನಮ್ಮ ಜನಪದದ ಗಿಡ್ಡ 'ಮಾಯ' ಬೇರೆ. ಅದು ಬೆರಗಿನ ಪದ. ಚಾಮರಾಜನಗರದ ಕಡೆ ಕಂಸಾಳೆಯವರು ಮಾದಪ್ಪನನ್ನು 'ಮಾಯ್ಕಾರ' ಅಂತ ಕೊಂಡಾಡುತ್ತಾರೆ. ಅಲ್ಲಿ ಮಾಯ ಅಂದರೆ ಮೋಸವಲ್ಲ, ಮಹಿಮೆ.

ಹಾಗೆ ಯೋಚಿಸುತ್ತಾ ಒಂದು ಜೋಡಿ ಹೊಳೆಯಿತು. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವ ಹಾಗೆ, ಮಾಯ ಮತ್ತು ಕನ್ನೆ ಸೇರಿದರೆ 'ಮಾಯಗನ್ನೆ'. ಅವಳ ಎದುರಿಗೆ 'ಮಾಯಗಾತಿ'. ಮೊದಲ ಎರಡು ಅಕ್ಷರ ಎರಡಕ್ಕೂ ಒಂದೇ, ಮೂರನೆಯದರಲ್ಲಿ ದೀರ್ಘ ಮಾತ್ರ ಬೇರೆ. ಮಾಯಗನ್ನೆ ಎಂಬುದು ಕೇಳಲು ಹಿತವಾಗಿದೆ, ಹಳೆಯ ಕಥೆಯಿಂದ ಬಂದ ಹಾಗಿದೆ. ಅದರಲ್ಲಿ ಮಾಯಗಾತಿ ಅಡಗಿದ್ದಾಳೆ ಅಂತ ಮೊದಲ ಸಲಕ್ಕೆ ಯಾರಿಗೂ ಅನುಮಾನ ಬರುವುದಿಲ್ಲ. ಕ್ಯೂಬೇಯ ಮಾತು ಆಗ ಹೀಗಾಗುತ್ತದೆ: 'ಈ ನಾಡಿನಲ್ಲಿ ಇನ್ನೂ ಬೆಳೆಯುತ್ತಿರುವ ಹೆಣ್ಣನ್ನು ಕನ್ನೆ ಅನ್ನುತ್ತೀರಿ ಅಲ್ವಾ? ಹಾಗಾದರೆ ಮುಂದೆ ಮಾಯಗಾತಿ ಆಗುವ ನಿಮ್ಮನ್ನು ಮಾಯಗನ್ನೆ ಅಂತಲೇ ಕರೆಯಬೇಕು ತಾನೇ.'

ಆದರೂ ಎರಡು ಅನುಮಾನ ಉಳಿದಿವೆ. ಕನ್ನೆ, ಕನ್ಯೆ ಅಂದರೆ ಮದುವೆಯ ವಾಸನೆ ಬರುತ್ತದೆ. ಉತ್ತರ ಕರ್ನಾಟಕದಲ್ಲಿ 'ಕನ್ಯಾ ನೋಡಾಕ ಹೋಗ್ಯಾರ' ಅನ್ನುತ್ತಾರಲ್ಲ. ಆ ಕಡೆಯವರ ಕಿವಿಗೆ ಮಾಯಗನ್ನೆ ಹೇಗೆ ಕೇಳುತ್ತದೆ? ಇನ್ನೊಂದು, ಮಾಯಗಾತಿ ಎಂಬುದು ಮೆದು. ಪ್ರೀತಿಯಿಂದ ಬೈಯಲೂ ಅದನ್ನು ಬಳಸುತ್ತೇವೆ. ಮಾಟಗಾತಿಯಷ್ಟು ಭಯ ಅದರಲ್ಲಿಲ್ಲ. ಆದರೆ ಜಪಾನಿಯ ಮಜೊ ಕೂಡ ಅಷ್ಟೊಂದು ಭಯಂಕರ ಪದವಲ್ಲ ಎಂಬುದು ನೆನಪಿರಲಿ. ಅಮೆರಿಕದ 'ಬಿವಿಚ್ಡ್' ಧಾರಾವಾಹಿ ಅಲ್ಲಿ 'ನಮ್ಮ ಮನೆಯಾಕೆ ಮಜೊ' ಎಂಬರ್ಥದ ಹೆಸರಿನಲ್ಲಿ ಬಂದು ಜನಪ್ರಿಯವಾಯಿತು. ಮಜೊಗೆ ಮುದ್ದಿನ ಬಾಲ ಅಂಟಿಸಿ 'ಮಜೊಕ್ಕೊ' ಅಂತಲೂ ಕರೆದರು. ನಮ್ಮ ಮಾಟಗಾತಿಗೆ ಅಂಥ ಮುದ್ದು ಯಾವತ್ತೂ ಸಿಗಲಿಲ್ಲ. ಕಲಬುರಗಿ, ಬೀದರ್ ಕಡೆ ಬಾನಾಮತಿ ಮಾಡಿದಳು ಅಂದರೆ ಅದೊಂದು ಆರೋಪ, ಕಥೆಯಲ್ಲ. ಅಂಥ ಪದವನ್ನು ಸುಮ್ನೆ ತಂದು ಇಲ್ಲಿ ಕೂರಿಸಲು ನನಗೆ ಹಿಂಜರಿಕೆ. ನನ್ನ ಒಲವು ಮಾಯಗಾತಿಯ ಕಡೆಗೇ.

ಮೂರನೇ ಚಿತ್ರ ಈ ಜೋಡಿಗೆ ಇನ್ನೊಂದು ಪದ ಸೇರಿಸುತ್ತದೆ, ಅಲ್ಲೇ ನನ್ನ ದೊಡ್ಡ ಪ್ರಶ್ನೆ ಇರುವುದು.

ಟೀವಿ ಸರಣಿಯ ಕೊನೆಗೆ ಮದೊಕ ತಾನೇ ಒಂದು ಕಟ್ಟಳೆಯಾಗಿ ಕರಗಿಹೋಗಿರುತ್ತಾಳೆ. ಯಾವ ಹುಡುಗಿಯೂ ಇನ್ನು ಮಜೊ ಆಗದಂತೆ, ಮಣಿ ಕಪ್ಪಾಗುವ ಹೊತ್ತಿಗೆ ಬಂದು ಕರೆದುಕೊಂಡು ಹೋಗುವುದು ಅವಳ ಕೆಲಸ. ಅವಳ ನೆನಪು ಪೂರ್ತಿ ಉಳಿದಿರುವುದು ಗೆಳತಿ ಹೊಮುರ ಒಬ್ಬಳಿಗೆ. ಚಿತ್ರ ಶುರುವಾದಾಗ ಎಲ್ಲರೂ ಒಂದೇ ಊರಿನಲ್ಲಿ ನಗುನಗುತ್ತಾ ಇದ್ದಾರೆ. ಐವರು ಮಹೋ ಶೋಜೊಗಳೂ ಸೇರಿ ಕೇಕಿನ ಹಾಡು ಹಾಡಿ ಕೆಟ್ಟ ಕನಸುಗಳನ್ನು ಕರಗಿಸುತ್ತಾರೆ. ಹೊಮುರಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತದೆ. ಅವರಲ್ಲೇ ಒಬ್ಬಳಾದ ಕ್ಯೋಕೊ ಜೊತೆ ಪಕ್ಕದ ಊರಿಗೆ ಬಸ್ಸು ಹತ್ತುತ್ತಾಳೆ. ಎಷ್ಟು ಹೋದರೂ ಊರು ದಾಟಲು ಆಗುವುದಿಲ್ಲ. ಆ ಊರು ಒಬ್ಬ ಮಜೊ ಕಟ್ಟಿದ್ದು, ಆ ಮಜೊ ತಾನೇ ಅಂತ ಕೊನೆಗೆ ಅವಳಿಗೆ ಗೊತ್ತಾಗುತ್ತದೆ. ಇಲ್ಲಿ 'ಮಾಯ' ಎಂಬ ಪದ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಹೊನ್ನು, ಹೆಣ್ಣು, ಮಣ್ಣು ಮಾಯೆಯಲ್ಲ, ಮನದ ಮುಂದಣ ಆಸೆಯೇ ಮಾಯೆ ಅಂದ ಅಲ್ಲಮನ ಅರ್ಥದಲ್ಲೇ ಆ ಊರು ಮಾಯೆ.

ಕೊನೆಗೆ ಮದೊಕ ದೇವಿಯಾಗಿ ಇಳಿದು ಬಂದು ಹೊಮುರಳನ್ನು ಕರೆದೊಯ್ಯಲು ಕೈ ಚಾಚುತ್ತಾಳೆ. ಹೊಮುರ ಆ ಕೈಯನ್ನೇ ಹಿಡಿದು, ದೇವಿಯಿಂದ ಹುಡುಗಿಯನ್ನು ಕಿತ್ತುಕೊಳ್ಳುತ್ತಾಳೆ. ಅವಳ ಮಣಿ ಬೇರೆಯೇ ಬಣ್ಣಕ್ಕೆ ತಿರುಗುತ್ತದೆ. ಇದೇನು ಅಂತ ಕ್ಯೂಬೇ ಕೇಳಿದರೆ, ಭರವಸೆಗಿಂತ ಬಿಸಿಯಾದದ್ದು, ಹತಾಶೆಗಿಂತ ಆಳವಾದದ್ದು, ಪ್ರೀತಿ ಎನ್ನುತ್ತಾಳೆ. ದೇವರಿಗೆ ಎದುರು ನಿಂತ ತನ್ನನ್ನು ಇನ್ನು 'ಅಕುಮ' (ಕೇಡಿನ ಶಕ್ತಿ) ಅಂತಲೇ ಕರೆಯಬೇಕು ಅನ್ನುತ್ತಾಳೆ.

ಅಕುಮಕ್ಕೆ ಏನನ್ನೋಣ? ದೆವ್ವ ಅಂದರೆ ಸತ್ತವಳು. ರಾಕ್ಷಸಿ ಅಂದರೆ ಹುಟ್ಟಿನಿಂದಲೇ ಬೇರೆ ಕುಲದವಳು. ಸೈತಾನ ಅಂದರೆ ಬೇರೆ ಧರ್ಮದ ಕಥೆ ಒಳಗೆ ಬರುತ್ತದೆ. ಆದರೆ ಆ ಪದದ ಕೊನೆಯ 'ಮ' ಇದೆಯಲ್ಲ, ಅದು ಮಹೋ ಶೋಜೊ, ಮಜೊ ಎರಡರ ಮೊದಲಿಗೆ ಇರುವ ಅದೇ ಅಕ್ಷರ. ಆ ಅಕ್ಷರ ಹುಟ್ಟಿದ್ದು ಚೀನಾದಲ್ಲಿ, ನಮ್ಮ 'ಮಾರ' ಎಂಬ ಪದವನ್ನು ಬರೆಯುವುದಕ್ಕಾಗಿ. ಬೌದ್ಧ ಗ್ರಂಥಗಳನ್ನು ಅನುವಾದ ಮಾಡಿದವರಿಗೆ ಬುದ್ಧನನ್ನು ಕಾಡಿದ ಮಾರನ ಹೆಸರು ಬರೆಯಬೇಕಿತ್ತು. 'ಮ' ಎಂದು ಉಲಿಯುವ ಒಂದು ಭಾಗ, ಅದರ ಕೆಳಗೆ ದೆವ್ವ ಎಂಬರ್ಥದ ಇನ್ನೊಂದು ಭಾಗ ಇಟ್ಟು ಹೊಸ ಅಕ್ಷರವಾಯಿತು.

ಈಗ ಕನ್ನಡದ ಮಾರ ಯಾರು? ಮನ್ಮಥ. ಶಿವ ಮಾರಹರ, ವಿಷ್ಣು ಮಾರಪಿತ. ಲೋಕ ಯಾರನ್ನು ಕಾಮದೇವ ಅನ್ನುತ್ತದೋ ಅವನೇ ಮಾರ ಅಂತ ಅಶ್ವಘೋಷ ಬುದ್ಧಚರಿತದಲ್ಲಿ ಹೇಳಿದ್ದಾನೆ. ಅಂದರೆ ಒಲವಿನ ದೇವರೂ ಕೇಡಿನ ಒಡೆಯನೂ ಒಂದೇ ಹೆಸರಿನಲ್ಲಿದ್ದಾರೆ. ಪ್ರೀತಿಯಿಂದಲೇ ಅಕುಮ ಆದ ಹುಡುಗಿಗೆ ಇದಕ್ಕಿಂತ ಹೊಂದುವ ಪದ ಜಪಾನಿಯಲ್ಲೂ ಇಲ್ಲ, ಏಕೆಂದರೆ ಅಲ್ಲಿ ಆ ಅಕ್ಷರ ಮನ್ಮಥನನ್ನು ಮರೆತುಬಿಟ್ಟಿದೆ. ನಮ್ಮಲ್ಲಿ ಮರೆತಿಲ್ಲ. ಇದು ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕಷ್ಟ ಏನೆಂದರೆ ಮಾರ ಗಂಡು. ಹೆಣ್ಣಿಗೆ 'ಮಾರಿ' ಅನ್ನಬಹುದೇ? 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆಯ ಮಾರಿ ಹತ್ತಿರ ಬರುತ್ತಾಳೆ. ಆದರೆ ಮಾರಿ ಶಿರಸಿಯಲ್ಲಿ, ನೂರಾರು ಊರುಗಳಲ್ಲಿ ಜನರ ತಾಯಿ. ಅವಳ ಹೆಸರನ್ನು ಅಕುಮಕ್ಕೆ ಕೊಟ್ಟರೆ ತಪ್ಪಾಗುತ್ತದೆ ಅನ್ನಿಸುತ್ತದೆ. 'ಹೆಣ್ಣುಮಾರ' ಅಂತ ಒಂದು ಪದ ಕಟ್ಟಿ ನೋಡಿದೆ. 'ನಾನಿನ್ನು ಮಾರ' ಅಂತ ಹೊಮುರ ಗಂಡುಪದವನ್ನೇ ನೇರವಾಗಿ ತನಗೆ ಹಾಕಿಕೊಂಡರೆ ಹೇಗೆ? ನನಗೆ ಈ ಕೊನೆಯದು ಹಿಡಿಸಿದೆ. ಅವಳ ದಿಟ್ಟತನಕ್ಕೆ ಅದು ಒಪ್ಪುತ್ತದೆ. 'ಪ್ರೀತಿ' ಎಂಬಲ್ಲಿ ಕೆಲವರು 'ಮೋಹ' ಅನ್ನಬಹುದು. ಜಪಾನಿಯ 'ಅಯಿ' ಬೌದ್ಧ ಬರಹಗಳಲ್ಲಿ ತೃಷ್ಣೆಗೂ ಸಲ್ಲುವ ಪದ, ಅದು ಗೊತ್ತು. ಆದರೂ ಮೋಹ ಬೇಡ. ಮೋಹ ಎಂದರೆ ನಾವು ಅವಳ ಮೇಲೆ ತೀರ್ಪು ಕೊಟ್ಟ ಹಾಗೆ. ಅವಳು ಹೇಳಿದ್ದು ಪ್ರೀತಿ.

ಇನ್ನು ಚಿತ್ರದ ಹೆಸರು. ಹಂಗ್ಯಾಕುಗೆ 'ಬಂಡಾಯ' ಅಂದರೆ ನರಗುಂದ ನೆನಪಾಗುತ್ತದೆ, ಬಂಡಾಯ ಸಾಹಿತ್ಯ ನೆನಪಾಗುತ್ತದೆ, ಚುನಾವಣೆ ಬಂದರೆ ಬಂಡಾಯ ಅಭ್ಯರ್ಥಿ. 'ದಂಗೆ'ಗೆ ಜನರ ಗುಂಪು ಬೇಕು. ಇಲ್ಲಿ ಇರುವುದು ಒಬ್ಬಳೇ ಹುಡುಗಿ, ಅವಳು ಎದುರು ಹಾಕಿಕೊಂಡಿದ್ದು ತನಗೆ ಅತ್ಯಂತ ಬೇಕಾದವಳನ್ನು. 'ತಿರುಗಿಬಿದ್ದವಳ ಕಥೆ' ಅಂತ ಇಡೋಣ ಅಂದುಕೊಂಡಿದ್ದೇನೆ. ಹಂಗ್ಯಾಕುವಿನಲ್ಲಿ ನಂಬಿದವರಿಗೆ ಎರಡು ಬಗೆದ ಅರ್ಥವೂ ಇದೆ. ತಿರುಗಿಬೀಳು ಎಂಬುದರಲ್ಲಿ ಅದು ಪೂರ್ತಿ ಬರದಿದ್ದರೂ ಎಳೆ ಉಳಿಯುತ್ತದೆ.

ಸಣ್ಣಪುಟ್ಟವು: ಕ್ಯೂಬೇ ಕೊಡುವುದಕ್ಕೆ 'ವರ', ಮಾಡಿಸಿಕೊಳ್ಳುವುದಕ್ಕೆ 'ಕರಾರು'. ಭಸ್ಮಾಸುರನ ಕಾಲದಿಂದ ವರದ ಹಿಂದೆ ಏನೋ ಇರುತ್ತದೆ ಅಂತ ನಮಗೆ ಗೊತ್ತೇ ಇದೆ. ಮಣಿಗೆ 'ಪ್ರಾಣಮಣಿ'. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣ ಇಟ್ಟವರ ಕಥೆ ಕೇಳಿ ಬೆಳೆದವರಿಗೆ ವಿವರಣೆ ಬೇಕಾಗುವುದಿಲ್ಲ. ಮದೊಕ ಆಗಿಹೋದ ಆ ನಿಯಮಕ್ಕೆ 'ಎನ್ಕನ್ ನೊ ಕೊತೊವಾರಿ' ಅನ್ನುತ್ತಾರೆ. ಎನ್ಕನ್ ಅಂದರೆ ಬಳೆಯ ಹಾಗೆ ಸುತ್ತಿ ಬರುವುದು. 'ಸುತ್ತಿನ ಕಟ್ಟಳೆ' ಅಂತ ಬರೆದಿದ್ದೇನೆ. ಹೊಮುರ ಮಾಡಿದ್ದನ್ನು 'ಕಟ್ಟಳೆ ಮುರಿದಳು' ಅಂತ ಸಹಜವಾಗಿ ಹೇಳಬಹುದು.

ನನಗೆ ಜರೂರಾಗಿ ಬೇಕಿರುವುದು ಎರಡು. ನಿಮ್ಮ ಊರಿನ ಮಾತಿನಲ್ಲಿ ಹದಿಮೂರು ಹದಿನಾಲ್ಕರ ಹುಡುಗಿಗೆ ಕನ್ನೆ ಅನ್ನುತ್ತಾರಾ, ಇಲ್ಲವಾದರೆ ಆ ಜಾಗಕ್ಕೆ ಯಾವ ಪದ ಇದೆ? ಮತ್ತೆ, ಹಳಗನ್ನಡ ಓದಿಕೊಂಡವರು ಹೇಳಿ, ಮಾರನಿಗೆ ಹೆಣ್ಣು ರೂಪ ಎಲ್ಲಾದರೂ ಕಂಡಿದ್ದೀರಾ?